ಕಸೂತಿಯ ಸೂಜಿಗೆ ಬಂದ ಹೊಸ ದಾರಗಳು

ಧಾರವಾಡ ಸೀಮೆಯ ಕಸೂತಿ ಮೂಲತಃ ರೇಷ್ಮೆ ಎಳೆಯ ಕೆಲಸ. ಇಳಕಲ್ ಸೀರೆಯ ಮೇಲೆ, ಅದರಲ್ಲೂ ಕಪ್ಪು ಚಂದ್ರಕಾಳಿಯ ಮೇಲೆ, ಗೋಪುರ, ತುಳಸಿ ವೃಂದಾವನ, ಪಲ್ಲಕ್ಕಿ, ಆನೆ, ನವಿಲುಗಳನ್ನು ಮೂಡಿಸುತ್ತಿದ್ದ ಹೆಂಗಸರು ಮೊದಲೇ ಗೆರೆ ಬರೆದುಕೊಳ್ಳುತ್ತಿರಲಿಲ್ಲ. ನೇಯ್ಗೆಯ ಎಳೆಗಳನ್ನು ಎಣಿಸಿ ಸೂಜಿ ಹಾಕುತ್ತಿದ್ದರು. ಗವಂತಿ, ಮುರ್ಗಿ, ನೇಗಿ, ಮೆಂತಿ ಎಂಬ ನಾಲ್ಕು ಹೊಲಿಗೆಗಳಲ್ಲಿ ಮೊದಲ ಎರಡು ಬಟ್ಟೆಯ ಎರಡೂ ಮಗ್ಗುಲಲ್ಲಿ ಒಂದೇ ತೆರನಾಗಿ ಕಾಣಬೇಕು. ಆದ್ದರಿಂದ ಗಂಟು ಹಾಕುವಂತಿಲ್ಲ. ದಾರ ದಪ್ಪವಾದರೆ ಎಣಿಕೆಯ ಕಣ್ಣು ಮುಚ್ಚಿಹೋಗುತ್ತದೆ, ಜಾರಿದರೆ ತುದಿ ಬಿಚ್ಚಿಕೊಳ್ಳುತ್ತದೆ. ಕಸೂತಿಗೆ ಯಾವ ದಾರ ಒಗ್ಗುತ್ತದೆ, ಯಾವುದು ಒಗ್ಗುವುದಿಲ್ಲ ಎಂಬುದನ್ನು ತೀರ್ಮಾನಿಸಿದ್ದು ಈ ಕಟ್ಟುನಿಟ್ಟು.

ಮೊದಲು ಬದಲಾದದ್ದು ದಾರವಲ್ಲ, ಬಣ್ಣ. 1856ರಲ್ಲಿ ಇಂಗ್ಲೆಂಡಿನ ವಿಲಿಯಂ ಪರ್ಕಿನ್ ಮೊದಲ ರಾಸಾಯನಿಕ ಬಣ್ಣವನ್ನು ಕಂಡುಕೊಂಡ. 1897ರ ಹೊತ್ತಿಗೆ ಜರ್ಮನಿಯ ಕಾರ್ಖಾನೆಯ ನೀಲಿಯೂ ಮಾರುಕಟ್ಟೆಗೆ ಬಂತು. ಅಲ್ಲಿಂದ ಮುಂದೆ ಗಿಡದ ಬೇರು, ಎಲೆಗಳಿಂದ ಬಣ್ಣ ತೆಗೆಯುವ ಕಸುಬು ಕ್ರಮೇಣ ಸೊರಗಿತು.

ಎರಡನೆಯ ಬದಲಾವಣೆ ಹತ್ತಿಯದು. ಹತ್ತಿ ನೂಲನ್ನು ಕ್ಷಾರದಲ್ಲಿ ಅದ್ದಿ ಗಟ್ಟಿಗೊಳಿಸುವ ವಿಧಾನಕ್ಕೆ ಜಾನ್ ಮರ್ಸರ್ 1850ರಲ್ಲಿ ಪೇಟೆಂಟ್ ಪಡೆದಿದ್ದ. ಅದ್ದುವಾಗ ನೂಲನ್ನು ಬಿಗಿಯಾಗಿ ಎಳೆದು ಹಿಡಿದರೆ ರೇಷ್ಮೆಯಂಥ ಹೊಳಪು ಬರುತ್ತದೆ ಎಂಬುದನ್ನು 1890ರ ಸುಮಾರಿಗೆ ಹೊರೇಸ್ ಲೋ ತೋರಿಸಿದ. ಹೀಗೆ ಹೊಳಪು ಪಡೆದ ಆರು ಎಳೆಗಳ ಹತ್ತಿ ಲಡಿ ಕಸೂತಿಗೆ ಚೆನ್ನಾಗಿಯೇ ಹೊಂದಿತು. ಬೇಕಾದಷ್ಟು ಎಳೆ ಬಿಡಿಸಿಕೊಳ್ಳಬಹುದು, ಬಟ್ಟೆಯನ್ನು ಅದು ಕಚ್ಚಿ ಹಿಡಿಯುತ್ತದೆ, ಬೆಲೆಯೂ ಕಡಿಮೆ. ರೇಷ್ಮೆಯ ನಂತರ ಕಸೂತಿಗೆ ನಿಜವಾಗಿ ದಕ್ಕಿದ ದಾರವೆಂದರೆ ಇದೊಂದೇ.

ಕೃತಕ ರೇಷ್ಮೆಯ ಕಥೆ ಬೇರೆ. ಮರದ ತಿರುಳಿನಿಂದ ತೆಗೆದ ಈ ರೇಯಾನ್ ನೂಲು ಇಪ್ಪತ್ತನೆಯ ಶತಮಾನದ ಇಪ್ಪತ್ತು, ಮೂವತ್ತರ ದಶಕಗಳಲ್ಲಿ ಹೊರದೇಶಗಳಿಂದ ಅಗ್ಗವಾಗಿ ಬಂದಿಳಿದು, ಚೀನಾ, ಜಪಾನಿನ ರೇಷ್ಮೆಯ ಜೊತೆ ಸೇರಿ ಮೈಸೂರು ಸಂಸ್ಥಾನದ ರೇಷ್ಮೆ ಬೆಳೆಗಾರರಿಗೆ ಭಾರೀ ಪೆಟ್ಟು ಕೊಟ್ಟಿತು. ಇಳಕಲ್ಲಿನ ಮಗ್ಗಗಳಲ್ಲಿ ಅದು ‘ಚಮಕ’ ಎಂಬ ಹೆಸರಿನಲ್ಲಿ ನೆಲೆಯೂರಿತು. ಸೂಜಿಗೆ ಮಾತ್ರ ಅದು ಸುಲಭವಾಗಿ ಬಗ್ಗಲಿಲ್ಲ: ಹೊಳಪು ಹೆಚ್ಚು, ಆದರೆ ಜಾರುಗುಣ, ಸುರುಳಿ ಸುತ್ತಿಕೊಳ್ಳುವ ಚಾಳಿ, ಒದ್ದೆಯಾದರೆ ಅರ್ಧದಷ್ಟು ಬಲ ಕಳೆದುಕೊಳ್ಳುವ ದೌರ್ಬಲ್ಯ. ಗಂಟಿಲ್ಲದ ಮುರ್ಗಿಗೆ ಇದಕ್ಕಿಂತ ಪ್ರತಿಕೂಲವಾದ ನೂಲು ಇಲ್ಲ.

ರೇಯಾನಿನ ಬೇರು ಮಲೆನಾಡಿಗೂ ಚಾಚಿದೆ. ಶಿವಮೊಗ್ಗದ ಬಳಿ ಕೂಡಲಿಯಲ್ಲಿ ಒಂದಾಗುವ ತುಂಗಾ, ಭದ್ರಾ ನದಿಗಳ ಕೆಳಹರಿವಿನಲ್ಲಿ, ಹರಿಹರದ ಹತ್ತಿರದ ಕುಮಾರಪಟ್ಟಣದಲ್ಲಿ, 1972ರಲ್ಲಿ ಹರಿಹರ ಪಾಲಿಫೈಬರ್ಸ್ ಕಾರ್ಖಾನೆ ರೇಯಾನ್ ದರ್ಜೆಯ ತಿರುಳು ತೆಗೆಯತೊಡಗಿತು. ಅದರ ಕಚ್ಚಾವಸ್ತು ನೀಲಗಿರಿ ಮರ. ಈ ಕಾರ್ಖಾನೆಗೆ ಮರ ಒದಗಿಸಲೆಂದು 1984ರಲ್ಲಿ ಸ್ಥಾಪನೆಯಾದ ಕರ್ನಾಟಕ ಪಲ್ಪ್‌ವುಡ್ ಕಂಪನಿಗೆ ನೀಲಗಿರಿ ಬೆಳೆಸಲು ಧಾರವಾಡ, ಉತ್ತರ ಕನ್ನಡ, ಶಿವಮೊಗ್ಗ, ಚಿಕ್ಕಮಗಳೂರು ಜಿಲ್ಲೆಗಳ ಸಾರ್ವಜನಿಕ ಭೂಮಿ ಒದಗಿಸುವ ಯೋಜನೆ ರೂಪುಗೊಂಡಾಗ ಹಳ್ಳಿಗಳು ಎದ್ದು ನಿಂತವು. 1987ರ ನವೆಂಬರ್ 14ರಂದು ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ನಡೆದ ‘ಕಿತ್ತಿಕೊ–ಹಚ್ಚಿಕೊ’ ಸತ್ಯಾಗ್ರಹದಲ್ಲಿ ಜನ ನೀಲಗಿರಿ ಸಸಿ ಕಿತ್ತು ಊರಿಗೆ ಬೇಕಾದ ಗಿಡ ನೆಟ್ಟರು. ಹೊಳೆಯುವ ನೂಲಿಗಾಗಿ ಗೋಮಾಳ ಬಿಟ್ಟುಕೊಡಬೇಕೇ ಎಂಬ ಅವರ ಪ್ರಶ್ನೆ ನ್ಯಾಯವಾದದ್ದು.

ಹೊಸ ದಾರವನ್ನು ಮನಸಾರೆ ಬರಮಾಡಿಕೊಂಡದ್ದು ಲಂಬಾಣಿ ಹೊಲಿಗೆ. ಶಿವಮೊಗ್ಗ, ಭದ್ರಾವತಿ, ಶಿಕಾರಿಪುರದ ಸುತ್ತಲೂ ತಾಂಡಾಗಳಿವೆ. ಲಂಬಾಣಿಗಳ ಸಂತ ಸೇವಾಲಾಲರ ಜನ್ಮಸ್ಥಳವೆನಿಸಿದ ಸೂರಗೊಂಡನಕೊಪ್ಪ ಪಕ್ಕದ ನ್ಯಾಮತಿ ತಾಲ್ಲೂಕಿನಲ್ಲಿದೆ. ಎತ್ತುಗಳ ಮೇಲೆ ಉಪ್ಪು, ಧಾನ್ಯ ಹೇರಿ ದೇಶ ಸುತ್ತುತ್ತಿದ್ದ ಸಮುದಾಯಕ್ಕೆ ಪರವೂರಿನ ಸರಕು ಅಪರಿಚಿತವಲ್ಲ. ಫೇಟಿಯಾ ಎಂಬ ಲಂಗ, ಕಾಂಚಳಿ ಎಂಬ ರವಿಕೆಗಳ ಮೇಲೆ ಕನ್ನಡಿ, ಕವಡೆ, ನಾಣ್ಯಗಳ ಜೊತೆ ದಪ್ಪ ಹತ್ತಿ ನೂಲು, ಉಣ್ಣೆಯ ಕುಚ್ಚು ಎಲ್ಲಕ್ಕೂ ಜಾಗವಿತ್ತು. ಮುಂದೆ ಅಕ್ರಿಲಿಕ್ ಉಣ್ಣೆಗೂ ಸಿಕ್ಕಿತು. ಬಟ್ಟೆಯನ್ನು ತುಂಬಿ ಮುಚ್ಚುವ ಈ ಹೊಲಿಗೆಗೆ ದಾರದ ದಪ್ಪ ತೊಡಕಾಗದೆ ನೆರವೇ ಆಯಿತು.

ಹೊಸ ದಾರವನ್ನು ಹೀಗೆ ಒಳಗೊಂಡ ಕಥೆ ಬೇರೆಡೆಯೂ ಇದೆ; ಜಪಾನಿನ ತೆಮರಿ ಎಂಬ ಕಸೂತಿ ಚೆಂಡುಗಳ ಚರಿತ್ರೆ ಅದಕ್ಕೆ ಉದಾಹರಣೆ. ಹಳೆಯ ಕಿಮೋನೋಗಳ ರೇಷ್ಮೆ ಎಳೆಗಳಿಂದ ಸುತ್ತುತ್ತಿದ್ದ ಆ ಚೆಂಡು ಎದೋ ಕಾಲದಲ್ಲಿ ಹತ್ತಿ ನೂಲು ಹಬ್ಬಿದ ಮೇಲೆ ಸಾಮಾನ್ಯರ ಮಕ್ಕಳ ಕೈಗೂ ಬಂತು. ಹಿಂದೆ ಸನುಕಿ ಎನಿಸಿದ್ದ ಕಗಾವಾ ಪ್ರಾಂತದಲ್ಲಿ ಇಂದಿಗೂ ಭತ್ತದ ಹೊಟ್ಟಿನ ಉಂಡೆಯ ಮೇಲೆ ಗಿಡಬಣ್ಣದ ಹತ್ತಿ ದಾರ ಸುತ್ತಿ ಈ ಚೆಂಡುಗಳನ್ನು ಮಾಡುತ್ತಾರೆ.

ಕಸೂತಿಗೆ 2006ರಲ್ಲೂ ಸಂಡೂರು ಲಂಬಾಣಿ ಕಸೂತಿಗೆ 2010ರಲ್ಲೂ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು. 2023ರ ಜುಲೈನಲ್ಲಿ ಹಂಪಿಯ ಜಿ–20 ಸಭೆಯ ವೇಳೆ ಪ್ರದರ್ಶಿಸಿದ 1,755 ಲಂಬಾಣಿ ಕಸೂತಿ ತುಣುಕುಗಳು ಗಿನ್ನೆಸ್ ದಾಖಲೆ ಸೇರಿದವು. ಹೊಲಿಗೆಗಳ ಹೆಸರು, ವಿನ್ಯಾಸಗಳು ಹೀಗೆ ದಾಖಲಾಗುತ್ತಿವೆ. ದಾರಗಳ ಚರಿತ್ರೆ ಮಾತ್ರ ಹಳೆಯ ಸೀರೆಗಳಲ್ಲೇ ಉಳಿದಿದೆ. ಮನೆಯಲ್ಲಿ ಅಜ್ಜಿಯ ಚಂದ್ರಕಾಳಿಯೋ ಕಾಂಚಳಿಯೋ ಇದ್ದವರು ಅದನ್ನು ಹಳೆಬಟ್ಟೆಯವರಿಗೆ ಕೊಡದೆ, ಯಾವ ದಾರದಲ್ಲಿ, ಯಾವ ಊರಿನಲ್ಲಿ ಹೊಲಿದದ್ದೆಂದು ಹಿರಿಯರನ್ನು ಕೇಳಿ ಬರೆದಿಡಬೇಕು.