ಲೆಕ್ಕಕ್ಕೆ ಸಿಗದ ನಗು: ಚಳ್ಳಕೆರೆ, ಮೊಳಕಾಲ್ಮೂರಿನ ‘ಸಿಲ್ಲಿ ಲಲ್ಲಿ’

ಟಿಆರ್‌ಪಿ ಎಂಬ ಮಾತು ಕನ್ನಡದ ಮನೆಗಳಲ್ಲಿ ಬಳಕೆಗೆ ಬಂದ ಕಾಲಕ್ಕೆ ಚಳ್ಳಕೆರೆಯ ಜನ ಏನು ನೋಡುತ್ತಿದ್ದಾರೆಂದು ಅಳೆಯುವವರೇ ಇರಲಿಲ್ಲ. ಈ ಶತಮಾನದ ಮೊದಲ ದಶಕದಲ್ಲಿ ವೀಕ್ಷಕರ ಲೆಕ್ಕ ಇಡುತ್ತಿದ್ದ ‘ಟ್ಯಾಮ್’ ಸಂಸ್ಥೆ ತನ್ನ ಪೀಪಲ್ ಮೀಟರುಗಳನ್ನು ಕೂರಿಸುತ್ತಿದ್ದುದು ಒಂದು ಲಕ್ಷಕ್ಕೂ ಹೆಚ್ಚು ಜನಸಂಖ್ಯೆಯ ನಗರಗಳ ಆಯ್ದ ಮನೆಗಳಲ್ಲಿ. 2011ರ ಜನಗಣತಿಯಲ್ಲೂ ಚಳ್ಳಕೆರೆ ಪಟ್ಟಣದ ಜನಸಂಖ್ಯೆ ಸುಮಾರು 55 ಸಾವಿರ. ಮೊಳಕಾಲ್ಮೂರು ಅದಕ್ಕಿಂತ ಎಷ್ಟೋ ಚಿಕ್ಕದು. ಸುತ್ತಲಿನ ಹಳ್ಳಿಗಳ ಮಾತಂತೂ ಬೇಡವೇ ಬೇಡ. ಗ್ರಾಮೀಣ ವೀಕ್ಷಕರು ಲೆಕ್ಕದ ಪುಸ್ತಕಕ್ಕೆ ಬಂದದ್ದು ‘ಬಾರ್ಕ್’ ಬಂದ ಮೇಲೆ, 2015ರ ಅಕ್ಟೋಬರಿನಲ್ಲಿ. ಈಟಿವಿ ಕನ್ನಡ ಶುರುವಾದದ್ದು 2000ದ ಡಿಸೆಂಬರಿನಲ್ಲಿ. ಅದು ಕಲರ್ಸ್ ಕನ್ನಡ ಎಂದು ಹೆಸರು ಬದಲಿಸಿದ್ದು 2015ರಲ್ಲಿ. ಅಷ್ಟೂ ವರ್ಷ ನಮ್ಮ ಎರಡು ತಾಲ್ಲೂಕುಗಳು ಆ ವಾಹಿನಿಯ ಮುಂದೆ ಕೂತು ನಕ್ಕದ್ದು ಜಾಹೀರಾತುದಾರರ ಪಾಲಿಗೆ ನಡೆದೇ ಇಲ್ಲ.

ನನ್ನ ಪಿಎಚ್.ಡಿ. ವಿಷಯ ಸಣ್ಣ ಊರುಗಳಲ್ಲಿ ಟಿವಿ ನೋಡಿದವರ ಚರಿತ್ರೆ. ಧಾರಾವಾಹಿ ಮಾಡಿದವರ ಚರಿತ್ರೆಯಲ್ಲ, ನೋಡಿದವರದು. ಊರು ಚಳ್ಳಕೆರೆ, ತಾಯಿಯ ತವರು ಮೊಳಕಾಲ್ಮೂರು. ಹಾಗಾಗಿ ಬಸ್ ಚಾರ್ಜಿನಲ್ಲಿ ಮುಗಿಯುವ ಕ್ಷೇತ್ರಕಾರ್ಯ. ಸಾಕ್ಷಿ ಎಲ್ಲಿದೆ ಎಂದು ಮಾರ್ಗದರ್ಶಕರು ಕೇಳಿದಾಗ ತೋರಿಸಲು ಕಾಗದಪತ್ರ ಇರಲಿಲ್ಲ, ಜನ ಇದ್ದರು. ಮನೆಮನೆಗೆ ಹೋಗಿ ಹಳೆಯ ಧಾರಾವಾಹಿಗಳ ಹೆಸರು ಒಂದೊಂದಾಗಿ ಹೇಳುತ್ತಾ ಹೋದೆ. ಬೇರೆ ಹೆಸರುಗಳಿಗೆ ಜನ ನೆನಪು ಮಾಡಿಕೊಂಡು ಉತ್ತರ ಕೊಡುತ್ತಿದ್ದರು. ‘ಸಿಲ್ಲಿ ಲಲ್ಲಿ’ ಎಂದಾಗ ಮಾತ್ರ ನಗು ಮೊದಲು ಬರುತ್ತಿತ್ತು, ಉತ್ತರ ಆಮೇಲೆ.

ಈಗಿನ ವಿದ್ಯಾರ್ಥಿಗಳಿಗಾಗಿ ಒಂದೆರಡು ಮಾತು. ‘ಸಿಲ್ಲಿ ಲಲ್ಲಿ’ ಈಟಿವಿ ಕನ್ನಡದಲ್ಲಿ ಬರುತ್ತಿದ್ದ ಹಾಸ್ಯ ಧಾರಾವಾಹಿ. ನಿರ್ದೇಶಕರು ವಿಜಯಪ್ರಸಾದ್, ಮುಂದೆ ‘ಸಿದ್ಲಿಂಗು’, ‘ನೀರ್ ದೋಸೆ’ ಸಿನಿಮಾ ಮಾಡಿದವರು. ಅದರ ಕೇಂದ್ರದಲ್ಲಿ ಡಾಕ್ಟರ್ ವಿಠ್ಠಲರಾವ್. ಪಾತ್ರ ಮಾಡಿದ ರವಿಶಂಕರ್ ಅವರನ್ನು ಜನ ಇಂದಿಗೂ ಸಿಲ್ಲಿ ಲಲ್ಲಿ ರವಿಶಂಕರ್ ಎಂದೇ ಗುರುತಿಸುತ್ತಾರೆ. ಜೊತೆಗೆ ಸಮಾಜಸೇವಕಿ ಲಲಿತಾಂಬ. ಡಾಕ್ಟರ ಸಂಸಾರ ಮತ್ತು ಡಾಕ್ಟರಿಕೆ ಒಂದರೊಳಗೊಂದು ಸಿಕ್ಕಿಹಾಕಿಕೊಂಡದ್ದೇ ಅದರ ತಮಾಷೆ. ಅದೇ ವಾಹಿನಿಯಲ್ಲಿ ಸಿಹಿಕಹಿ ಚಂದ್ರು ಅವರ ‘ಪಾಪ ಪಾಂಡು’ ಕೂಡ ಇತ್ತು. ಅದಕ್ಕೂ ಅಭಿಮಾನಿಗಳು ಕಡಿಮೆಯಿಲ್ಲ, ಆದರೆ ಅದು ಗಂಡಹೆಂಡಿರ ನಗೆ. ಕೆಲಸದ ಜಾಗದ ನಗೆ ಹುಡುಕುತ್ತಿದ್ದ ನನಗೆ ಬೇಕಾದದ್ದು ಕ್ಲಿನಿಕ್ಕು.

ಶುರುವಿಗೆ ಎಲ್ಲರಿಗೂ ಒಂದೇ ಪ್ರಶ್ನೆ ಕೇಳುತ್ತಿದ್ದೆ: ನಿಮಗೆ ತುಂಬಾ ಇಷ್ಟವಾದ ಎಪಿಸೋಡ್ ಯಾವುದು? ಈ ಪ್ರಶ್ನೆ ನಮ್ಮ ಹಾಸ್ಟೆಲ್ಲಿನದು. ಅಲ್ಲಿ ಅಮೆರಿಕದ ‘ದಿ ಆಫೀಸ್’ ನೋಡುವವರು ಊಟದ ಸಾಲಿನಲ್ಲೂ ಇದೇ ಜಗಳ ಆಡುತ್ತಾರೆ. ಒಟ್ಟು 201 ಎಪಿಸೋಡುಗಳ ಆ ಸರಣಿಯಲ್ಲಿ ‘ಡಿನ್ನರ್ ಪಾರ್ಟಿ’ ಎಂಬುದೊಂದಿದೆ, 2008ರ ಏಪ್ರಿಲ್ 10ರಂದು ಪ್ರಸಾರವಾದದ್ದು. ಬಾಸ್ ತನ್ನ ಕೈಕೆಳಗಿನವರನ್ನು ಮನೆಗೆ ಊಟಕ್ಕೆ ಕರೆದು, ಅವರ ಕಣ್ಣೆದುರೇ ಜೊತೆಗಾತಿಯೊಡನೆ ಜಗಳಕ್ಕೆ ಬೀಳುವ ಕಥೆ. ಅಭಿಮಾನಿಗಳು ಅದರ ಮುಂದೆ ಎರಡು ಹೋಳಾಗುತ್ತಾರೆ. ಕೆಲವರಿಗೆ ಅದಕ್ಕಿಂತ ದೊಡ್ಡ ಹಾಸ್ಯವಿಲ್ಲ. ಕೆಲವರಿಗೆ ಮುಜುಗರ ತಡೆಯಲಾಗದೆ ನಡುವೆಯೇ ನಿಲ್ಲಿಸಬೇಕಾಗುತ್ತದೆ. ಹೆಸರು, ತಾರೀಖು, ಮೆಚ್ಚುಗೆ, ತಕರಾರು ಎಲ್ಲವೂ ಅಲ್ಲಿ ದಾಖಲಾಗಿದೆ. ಆ ಸರಣಿಯ ಪ್ರೇಕ್ಷಕರ ಚರಿತ್ರೆ ಬರೆಯುವವನ ಪುಣ್ಯ.

ಚಳ್ಳಕೆರೆಯಲ್ಲಿ ಈ ಪ್ರಶ್ನೆಗೆ ಒಬ್ಬರೂ ಉತ್ತರ ಕೊಡಲಿಲ್ಲ. “ಎಪಿಸೋಡ್ ಗಿಪಿಸೋಡ್ ಗೊತ್ತಿಲ್ಲಪ್ಪ, ಆವಯ್ಯ ಬಾಗ್ಲಾಗೆ ಬಂದು ನಿಂತ್ಕಂಡು ಹೆಸ್ರು ಹೇಳ್ತಿದ್ದ ನೋಡು...” ಎಂದು ಎಣ್ಣೆ ಗಿರಣಿಯಲ್ಲಿ ಹಮಾಲಿ ಮಾಡಿ ಈಗ ಮನೆಯಲ್ಲಿರುವ ಹಿರಿಯರೊಬ್ಬರು ಎದ್ದು ನಿಂತು, ಅಂಗಿಯ ಕಾಲರ್ ಸರಿಮಾಡಿಕೊಂಡು, ವಿಠ್ಠಲರಾಯರಾಗಿಬಿಟ್ಟರು. ಕಥೆಯ ನೆನಪು ಅವರಿಗೆ ಇರಲಿಲ್ಲ. ಇದ್ದದ್ದು ನಿಲುವು, ದನಿ, ಕೈ. ಮುಂದಿನ ಮನೆಯಲ್ಲೂ ಹೀಗೇ ಆಯಿತು, ಅದರ ಮುಂದಿನ ಮನೆಯಲ್ಲೂ.

ಕಾರಣ ಹುಡುಕಲು ಬಹಳ ದೂರ ಹೋಗಬೇಕಿಲ್ಲ. ಅಮೆರಿಕದ ಸರಣಿ ವಾರಕ್ಕೊಮ್ಮೆ ಬಂದು, ಆಮೇಲೆ ಡಿವಿಡಿಯಾಗಿ, ಬೇಕೆಂದಾಗ ಸಿಗುವ ವಸ್ತುವಾಯಿತು. ನಮ್ಮದು ದಿನದ ಧಾರಾವಾಹಿ. ನೆನ್ನೆಯದನ್ನು ಇವತ್ತಿನದು ಅಳಿಸುತ್ತಿತ್ತು. ಅದರ ಮೇಲೆ ಕರೆಂಟು. 2001ರಿಂದ ಮೂರು ವರ್ಷ ಸತತವಾಗಿ ಕರ್ನಾಟಕಕ್ಕೆ ಬರ ಬಿದ್ದಿತ್ತು, ಚಳ್ಳಕೆರೆಯ ಸೀಮೆಗಂತೂ ಬರ ಮನೆಯ ಮಗನಿದ್ದ ಹಾಗೆ. ಲೋಡ್ ಶೆಡ್ಡಿಂಗ್ ಎಂಬ ಇಂಗ್ಲಿಷ್ ಪದ ನಮಗೆ ಎಬಿಸಿಡಿಗಿಂತ ಮೊದಲೇ ಬರುತ್ತಿತ್ತು. ಧಾರಾವಾಹಿಯ ಅರ್ಧಕ್ಕೆ ದೀಪ ಹೋದರೆ ಉಳಿದರ್ಧ ಮಾರನೆಯ ದಿನ ಬೇರೆ ಫೀಡರಿನ ಕೇರಿಯವರ ಬಾಯಿಂದ ಬರಬೇಕು. ಅವರು ಹೇಳುತ್ತಿರಲಿಲ್ಲ, ಆಡಿ ತೋರಿಸುತ್ತಿದ್ದರು. ಹೀಗಾಗಿ ನಮ್ಮಲ್ಲಿ ಎಷ್ಟೋ ಜನ ‘ಸಿಲ್ಲಿ ಲಲ್ಲಿ’ಯನ್ನು ಅರ್ಧ ಟಿವಿಯಲ್ಲಿ, ಅರ್ಧ ಟೀ ಅಂಗಡಿಯಲ್ಲಿ ನೋಡಿದವರು.

ಇನ್ನೊಂದು ಕಾರಣ ಹಳೆಯದು. ನಮ್ಮ ಕಡೆಯ ಬಯಲಾಟದಲ್ಲಿ ವೇಷ ರಂಗಕ್ಕೆ ಬಂದ ಕೂಡಲೇ ಸಾರಥಿ ತಡೆದು ನಿಲ್ಲಿಸಿ, ತಾವು ಯಾರು, ಎತ್ತಣವರು ಎಂದು ವಿಚಾರಿಸುತ್ತಾನೆ. ರಾಜನಾಗಲಿ ರಾಕ್ಷಸನಾಗಲಿ ತನ್ನ ಹೆಸರು, ಕೀರ್ತಿ, ಬಿರುದು ಎಲ್ಲವನ್ನೂ ತಾನೇ ಹೇಳಿಕೊಳ್ಳಬೇಕು. ಎಲ್ಲರಿಗೂ ಗೊತ್ತಿರುವ ಪಾತ್ರ, ಆದರೂ ಹೇಳಲೇಬೇಕು. ಜನ ಕಾಯುವುದೇ ಅದಕ್ಕೆ. ವಿಠ್ಠಲರಾಯರೂ ಸಿಕ್ಕಸಿಕ್ಕವರಿಗೆ ತಮ್ಮ ಹೆಸರು ಹೇಳಿ, ಸರ್ಜರಿಗೂ ಕೈಗುಣಕ್ಕೂ ತಾವು ಹೆಸರುವಾಸಿ ಎಂದು ಸೇರಿಸುತ್ತಿದ್ದರು. ನಮ್ಮವರಿಗೆ ಅದು ತೀರಾ ಪರಿಚಯದ ವರಸೆ. ಧಾರಾವಾಹಿ ಮಾಡಿದವರು ಬಯಲಾಟ ನೆನೆದು ಬರೆದರು ಎಂದು ನಾನು ವಾದಿಸುತ್ತಿಲ್ಲ. ನೋಡಿದವರ ಕಣ್ಣು ಎಲ್ಲಿ ಪಳಗಿತ್ತು ಎಂಬುದಷ್ಟೇ ನನ್ನ ಮಾತು. ರಾತ್ರಿಯಿಡೀ ಆಟ ನೋಡುವವನು ಬೆಳಗಾದ ಮೇಲೆ ಕಥೆ ಹೇಳುವುದಿಲ್ಲ, ಭೀಮ ಹೇಗೆ ಕುಣಿದ ಎಂದು ಹೇಳುತ್ತಾನೆ.

ಅಲ್ಲಿಂದಾಚೆ ಎಪಿಸೋಡ್ ಕೇಳುವುದನ್ನು ಬಿಟ್ಟು, “ಮಾಡಿ ತೋರಿಸಿ” ಎಂದು ಕೇಳತೊಡಗಿದೆ. ಇದಕ್ಕೆ ನನಗೆ ಧೈರ್ಯ ಕೊಟ್ಟ ಪುಸ್ತಕ ರಾಬರ್ಟ್ ಡಾರ್ನ್‌ಟನ್ನರ ‘ದಿ ಗ್ರೇಟ್ ಕ್ಯಾಟ್ ಮಸಾಕರ್’ (1984). 1730ರ ದಶಕದ ಪ್ಯಾರಿಸ್ಸಿನ ಒಂದು ಮುದ್ರಣಾಲಯ. ಮಾಲೀಕನ ಮನೆಯ ಬೆಕ್ಕಿಗೆ ಸಿಗುವ ಅನ್ನವೂ ತಮಗಿಲ್ಲ ಎಂದು ಕೆರಳಿದ ಹುಡುಗರು ಬೆಕ್ಕುಗಳನ್ನು ಕೊಂದು ಹೊಟ್ಟೆ ಹಿಡಿದು ನಗುತ್ತಾರೆ. ಇಂದಿನವರಿಗೆ ಅದರಲ್ಲಿ ನಗುವಂಥದ್ದು ಏನೂ ಕಾಣುವುದಿಲ್ಲ, ಚರಿತ್ರೆಕಾರನ ಕೆಲಸ ಶುರುವಾಗುವುದು ಅಲ್ಲಿಂದಲೇ ಎನ್ನುತ್ತಾರೆ ಡಾರ್ನ್‌ಟನ್. ನನ್ನನ್ನು ಹಿಡಿದದ್ದು ಇನ್ನೊಂದು ವಿವರ: ಆ ಹುಡುಗರಲ್ಲೊಬ್ಬ ಮುಂದಿನ ದಿನಗಳಲ್ಲಿ ಇಡೀ ಘಟನೆಯನ್ನು ಕೆಲಸದ ಬಿಡುವಿನಲ್ಲಿ ಹತ್ತಾರು ಸಲ ಅಭಿನಯಿಸಿ ತೋರಿಸಿದನಂತೆ. ಕೆಲಸಗಾರರ ನಗು ಉಳಿಯುವುದು ಹೀಗೆ, ಅಣಕಿನಲ್ಲಿ.

ಮೊಳಕಾಲ್ಮೂರಿನಲ್ಲಿ ಈ ಅಣಕು ನಡೆಯುತ್ತಿದ್ದುದು ಮಗ್ಗದ ಮೇಲೆ. ಅಲ್ಲಿನ ರೇಷ್ಮೆ ಸೀರೆಗೆ 2011ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿದೆ. ಪೇಟೆಯಲ್ಲಿ ಅದರ ಹೆಸರು ಕೇಳದವರಿಲ್ಲ. ಆದರೆ ಸೀರೆ ಹುಟ್ಟುವುದು ಮನೆಯ ಪಡಸಾಲೆಯಲ್ಲಿ. ಗುಂಡಿಯೊಳಗೆ ಕಾಲು ಇಳಿಬಿಟ್ಟು ಗಂಡ ಲಾಳಿ ಆಡಿಸುತ್ತಿದ್ದರೆ ಪಕ್ಕದಲ್ಲಿ ಹೆಂಡತಿ ಕಂಡಿಕೆ ಸುತ್ತುತ್ತಾಳೆ, ಅಲ್ಲೇ ಮಕ್ಕಳ ಓದು, ಅಲ್ಲೇ ಊಟ, ಎದುರು ಗೋಡೆಗೆ ಟಿವಿ. ಸೀರೆ ಒಯ್ಯಲು ಬರುವ ಸಾಹುಕಾರ ಚಪ್ಪಲಿ ಬಿಡುವುದೂ ಅದೇ ಹೊಸ್ತಿಲಲ್ಲಿ.

‘ಡಿನ್ನರ್ ಪಾರ್ಟಿ’ಯನ್ನು ಈ ಪಡಸಾಲೆಯಲ್ಲಿ ಕೂತು ಯೋಚಿಸಿದೆ. ಆ ಎಪಿಸೋಡಿನ ಮುಜುಗರವೆಲ್ಲ ನಿಂತಿರುವುದು ಆಫೀಸು ಬೇರೆ, ಮನೆ ಬೇರೆ ಎಂಬ ಗೋಡೆಯ ಮೇಲೆ. ಬಾಸ್ ಆ ಗೋಡೆ ಒಡೆಯುತ್ತಾನೆ, ನೋಡುವವರು ಚಡಪಡಿಸುತ್ತಾರೆ. ಗೋಡೆಯೇ ಇಲ್ಲದ ಮನೆಯಲ್ಲಿ ಒಡೆಯುವುದೇನು? ಮೊಳಕಾಲ್ಮೂರಿನ ನೇಕಾರರಿಗೆ ಪ್ರತಿ ರಾತ್ರಿಯ ಊಟವೂ ಕೆಲಸದ ಜಾಗದಲ್ಲೇ. ರೋಗಿಯ ಮುಂದೆಯೇ ಸಂಸಾರದ ಜಗಳ ಆಡುವ ಡಾಕ್ಟರು ಅವರಿಗೆ ವಿಚಿತ್ರ ಮನುಷ್ಯನಾಗಿ ಕಾಣಲಿಲ್ಲ. “ನಮ್ ಮನೇನೂ ಅಂಗೇ ಅಲ್ವಾ, ಸಾಹುಕಾರ್ರು ಬಂದಾಗ್ಲೇ ಇವ್ರಿಗೆ ಸಿಟ್ಟು ಬರೋದು” ಎಂದರು ಒಬ್ಬ ಹೆಣ್ಣುಮಗಳು. ಗಂಡ ಮಗ್ಗದಿಂದ ತಲೆ ಎತ್ತಲಿಲ್ಲ. ನಕ್ಕರೋ ಇಲ್ಲವೋ ತಿಳಿಯಲಿಲ್ಲ.

ಎಲ್ಲರೂ ನಗಲಿಲ್ಲ ಎಂಬುದನ್ನೂ ಹೇಳಬೇಕು. ಐವತ್ತು ದಾಟಿದ ನೇಕಾರ ಹೆಂಗಸೊಬ್ಬರು ಧಾರಾವಾಹಿಯನ್ನು ಇಷ್ಟಪಟ್ಟೇ ನೋಡುತ್ತಿದ್ದರು, ಆದರೆ ಕೈಗುಣದ ಮಾತು ಬರುವ ಹೊತ್ತಿಗೆ ಎದ್ದು ಒಳಗೆ ಹೋಗುತ್ತಿದ್ದರಂತೆ. ಕೈಗುಣ ಎಂಬುದು ನಮ್ಮ ಕಡೆ ತಮಾಷೆಯ ಪದವಲ್ಲ. ಔಷಧಿ ಯಾವುದಾದರೇನು, ಕೊಡುವ ಕೈ ಒಳ್ಳೆಯದಿರಬೇಕು ಎಂಬ ನಂಬಿಕೆ. ದೊಡ್ಡಾಸ್ಪತ್ರೆ ದೂರ ಇರುವ ಊರಲ್ಲಿ ಜನ ಅದನ್ನು ಹಿಡಿದೇ ಬದುಕಿದ್ದಾರೆ. ಇವರೂ ಮೊದಲ ಕೂಸಿಗೆ ಜ್ವರ ಬಂದಾಗ ಕೈಗುಣದ ಡಾಕ್ಟರೊಬ್ಬರನ್ನು ನಂಬಿ ಮೂರು ದಿನ ಕಾದಿದ್ದರು. ಬಳ್ಳಾರಿಗೆ ಹೊರಟಾಗ ತಡವಾಗಿತ್ತು. “ಎಲ್ರೂ ನಗ್ತಿದ್ರು. ನಗ್ಲಿ ಬಿಡು, ಅವ್ರೇನು ಗೊತ್ತಿದ್ದು ನಗ್ತಿದ್ರಾ? ನಾನು ಆ ಟೈಮಿಗೆ ಒಲೆ ನೋಡಾಕೆ ಹೋಗ್ತಿದ್ದೆ” ಎಂದರು. ಆಮೇಲೆ ವಾಪಸು ಬಂದು ಉಳಿದದ್ದು ನೋಡುತ್ತಿದ್ದಿರಾ ಎಂದು ಕೇಳಿದೆ. “ಊಂ, ಲಲಿತಾಂಬ ಚೆನಾಗ್ ಮಾಡ್ತಿದ್ಲು.”

ಮೀಟರು ಇದ್ದಿದ್ದರೆ ಈ ಮನೆಯನ್ನು ಹೇಗೆ ಬರೆದುಕೊಳ್ಳುತ್ತಿತ್ತು? ಟಿವಿ ಆನ್, ವಾಹಿನಿ ಈಟಿವಿ, ನೋಡುವವರು ಐದು, ನಡುವೆ ನಾಲ್ಕು, ಮತ್ತೆ ಐದು. ಮೀಟರಿನ ಗುಂಡಿ ಒತ್ತಿ ಒಳಗೆ ಹೋಗುವಷ್ಟು ವ್ಯವಧಾನ ಆ ಹೆಂಗಸಿಗೆ ಇದ್ದಿದ್ದರೆ, ಅಷ್ಟೆ. ಸಂಖ್ಯೆ ಇಲ್ಲವೆಂದು ಮೊದಮೊದಲು ಇದ್ದ ಕೊರಗು ಅವತ್ತಿನಿಂದ ಕಡಿಮೆಯಾಯಿತು.

ಮೊಳಕಾಲ್ಮೂರಿನ ಇನ್ನೊಂದು ಸಂಗತಿ ಈಗ ತಲೆ ತಿನ್ನುತ್ತಿದೆ. ಅಲ್ಲಿ ಮನೆಮಾತು ತೆಲುಗು ಆಗಿರುವವರು ಬಹಳ. ಗಡಿ ದಾಟಿದರೆ ರಾಯದುರ್ಗ. ಈಟಿವಿಯ ತೆಲುಗು ವಾಹಿನಿ 1995ರಿಂದಲೇ ಇತ್ತು, ಒಂದೇ ಕೇಬಲ್ಲಿನಲ್ಲಿ ಎರಡೂ ಬರುತ್ತಿದ್ದವು. ಅಳುವ ಧಾರಾವಾಹಿ ತೆಲುಗಿನಲ್ಲಿ ನೋಡಿ, ನಗಲು ಕನ್ನಡಕ್ಕೆ ತಿರುಗುತ್ತಿದ್ದೆವು ಎಂದು ಮೂರು ಮನೆಗಳಲ್ಲಿ ಹೇಳಿದ್ದಾರೆ. ಬೆಂಗಳೂರಿನ ಕನ್ನಡದ ಮಾತಿನಾಟಕ್ಕೆ ತೆಲುಗು ಮನೆಯ ಅಜ್ಜಿ ಎಲ್ಲಿ ನಕ್ಕರು, ಪದಕ್ಕೋ ಮುಖಕ್ಕೋ? ಅಜ್ಜಿಯರು ವಿಠ್ಠಲರಾಯರನ್ನು ಮಾಡಿ ತೋರಿಸುವಾಗ ಪರಿಚಯದ ಮಾತು ಕನ್ನಡದಲ್ಲಿ ಬರುತ್ತದೆ, ಆಮೇಲಿನ ಬೈಗುಳ ತೆಲುಗಿನಲ್ಲಿ. ಧಾರಾವಾಹಿಯಲ್ಲಿ ಇಲ್ಲದ ಬೈಗುಳ ಅವು, ಸ್ವಂತದ್ದು. ರಾಯದುರ್ಗದ ಕಡೆಯ ಕನ್ನಡ ಮನೆಗಳಲ್ಲಿ ಇದು ತಿರುಗುಮುರುಗಾಗಿರಬಹುದೇ ಎಂದು ನೋಡಬೇಕಿದೆ. ಮಳೆಗಾಲ ಶುರುವಾಗುವ ಮೊದಲು ಆ ಕಡೆ ಹೊರಡುತ್ತೇನೆ; ಬಿತ್ತನೆ ಶುರುವಾದರೆ ಹಳ್ಳಿಗಳಲ್ಲಿ ಕೂತು ಮಾತಾಡುವ ಪುರುಸೊತ್ತು ಯಾರಿಗೂ ಇರುವುದಿಲ್ಲ.