ಸೋಲಿನಲ್ಲಿಯೂ ನಿಂತ ಆಟಗಾರ : ವಿಜಯ ಹಜಾರೆ

ಇತಿಹಾಸವೆಂದರೆ ಗೆದ್ದವರ ಪಟ್ಟಿಯೆಂದು ನಮ್ಮ ಶಾಲೆಯ ಮಕ್ಕಳು ಬಗೆಯುವುದುಂಟು. ಸೋತ ಆಟದಲ್ಲಿಯೂ ನೆನೆಯತಕ್ಕ ಇತಿಹಾಸವಿರುವುದೆಂದು ತೋರಿಸಲು ಸಲಗರೆಯವರಾದ ನಾವು ದೂರ ಹೋಗಬೇಕಾಗಿಲ್ಲ. ಕ್ರಿಕೆಟ್ ಆಟಗಾರ ವಿಜಯ ಹಜಾರೆಯವರು 1915ನೆಯ ಇಸವಿಯ ಮಾರ್ಚ್ 11ರಂದು ನಮ್ಮ ಸಾಂಗಲಿಯಲ್ಲಿಯೇ ಜನಿಸಿದರು. ತಂದೆ ಶಾಲಾಮಾಸ್ತರರು; ಮನೆಯಲ್ಲಿ ಎಂಟು ಮಕ್ಕಳು. ಮಾಸ್ತರಿಕೆಯ ಸಂಬಳದಲ್ಲಿ ಅಂತಹ ಸಂಸಾರ ಹೇಗೆ ಸಾಗುವುದೆಂದು ನನ್ನಂಥವನಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ದೇವಾಸದ ಮಹಾರಾಜರ ಆಶ್ರಯದಿಂದ ಅವರಿಗೆ ಆಸ್ಟ್ರೇಲಿಯದ ಹೆಸರಾಂತ ಬೌಲರ್ ಕ್ಲಾರಿ ಗ್ರಿಮೆಟ್ಟರ ಶಿಕ್ಷಣ ದೊರೆಯಿತು. 1943ರಲ್ಲಿ ಮುಂಬಯಿಯ ಪಂಚಪಕ್ಷೀಯ ಪಂದ್ಯಾವಳಿಯ ಅಂತಿಮ ಪಂದ್ಯದಲ್ಲಿ ಅವರ ತಂಡ ಎರಡನೆಯ ಸರದಿಯಲ್ಲಿ 387 ಓಟ ಗಳಿಸಿತು. ಅದರಲ್ಲಿ ಹಜಾರೆಯವರೊಬ್ಬರದೇ 309! ತಮ್ಮ ವಿವೇಕ ಕೇವಲ 21 ಓಟ ಮಾಡಿದರೂ ಅಣ್ಣನಿಗೆ ಜೊತೆಯಾಗಿ ನಿಂತು ಮುನ್ನೂರರ ಜೊತೆಯಾಟಕ್ಕೆ ಕಾರಣನಾದನು. ಆದರೂ ತಂಡ ಸೋತಿತು.

1948ರ ಜನವರಿಯಲ್ಲಿ ಆಸ್ಟ್ರೇಲಿಯದ ಅಡಿಲೇಡಿನಲ್ಲಿ ನಡೆದ ಟೆಸ್ಟಿನ ಕಥೆಯೂ ಇಂತಹುದೇ. ಎದುರಾಳಿಗಳು 674 ಓಟಗಳ ಪರ್ವತವನ್ನೇ ಪೇರಿಸಿದ್ದರು. 201 ಓಟ ಮಾಡಿದ ಬ್ರಾಡ್‌ಮನ್ನರ ವಿಕೆಟ್ಟನ್ನು ಉರುಳಿಸಿದವರು ಹಜಾರೆಯವರೇ. ಮೊದಲ ಸರದಿಯಲ್ಲಿ ಅವರು 116 ಓಟ ಹೊಡೆದರು. ಎರಡನೆಯದರಲ್ಲಿ ಭಾರತವು ಒಂದು ಓಟವನ್ನೂ ಗಳಿಸದೆ ಎರಡು ವಿಕೆಟ್ ಕಳೆದುಕೊಂಡಿತು. ಲಿಂಡ್‌ವಾಲರ ಬಿರುಸಿನ ಚೆಂಡುಗಳನ್ನು ಎದುರಿಸಿ ಹಜಾರೆ ಮತ್ತೆ 145 ಓಟ ಮಾಡಿದರು. ಒಂದೇ ಟೆಸ್ಟಿನ ಎರಡೂ ಸರದಿಗಳಲ್ಲಿ ಶತಕ ಬಾರಿಸಿದ ಮೊದಲ ಭಾರತೀಯರು ಅವರೇ. ಪಂದ್ಯ ಮಾತ್ರ ಆಸ್ಟ್ರೇಲಿಯದ ಪಾಲಾಯಿತು.

ಗೆಲವೂ ಅವರನ್ನು ಅರಸಿ ಬಾರದಿರಲಿಲ್ಲ. ಭಾರತ ಟೆಸ್ಟ್ ಆಡತೊಡಗಿದ್ದು 1932ರಲ್ಲಿ. ಮೊದಲ ಜಯ ದೊರೆತದ್ದು 1952ರ ಫೆಬ್ರುವರಿ 10ರಂದು, ಮದರಾಸಿನಲ್ಲಿ, ಇಂಗ್ಲೆಂಡಿನ ವಿರುದ್ಧ. ನಾಯಕರು ಹಜಾರೆ. ನಾಲ್ಕೇ ತಿಂಗಳ ಅನಂತರ ಇಂಗ್ಲೆಂಡಿನ ಲೀಡ್ಸಿನಲ್ಲಿ, ಎರಡನೆಯ ಸರದಿಯ ಆರಂಭಕ್ಕೇ, ಒಂದೂ ಓಟವಿಲ್ಲದೆ ನಾಲ್ಕು ವಿಕೆಟ್ಟುಗಳು ಬಿದ್ದವು. ಆಗಲೂ ನಾಯಕರು ನಿಂತು 56 ಓಟ ಗಳಿಸಿದರು.

ಒಟ್ಟು 30 ಟೆಸ್ಟುಗಳಲ್ಲಿ 2192 ಓಟ, 7 ಶತಕ; 1960ರಲ್ಲಿ ಪದ್ಮಶ್ರೀ. 2004ರ ಡಿಸೆಂಬರ್ 18ರಂದು ಬಡೋದೆಯಲ್ಲಿ ಅವರು ಕಾಲವಾದರು. ರಾಜ್ಯತಂಡಗಳ ಏಕದಿನ ಪಂದ್ಯಾವಳಿಗೆ ಅವರ ಹೆಸರನ್ನಿಡಲಾಗಿದೆ. ಆ ಪಾರಿತೋಷಕವನ್ನು 2014ರಲ್ಲಿ ಕರ್ನಾಟಕದ ತಂಡ ಮೊದಲ ಬಾರಿಗೆ ಎತ್ತಿ ಹಿಡಿದಾಗ, ಸಾಂಗಲಿಯ ಮಾಸ್ತರರ ಮಗನ ಹೆಸರು ಕನ್ನಡಿಗರ ಕೈಯಲ್ಲಿತ್ತು. ಗಡಿಯಲ್ಲಿರುವ ನಮಗೆ ಇದು ಇಮ್ಮಡಿ ಸಂತೋಷ.

ಪರೀಕ್ಷೆಯಲ್ಲಿ ಹಿಂದೆ ಬಿದ್ದ ಹುಡುಗನು ತಲೆ ತಗ್ಗಿಸಿ ಕುಳಿತಾಗ ನಾನು ಅವನಿಗೆ ಮದರಾಸಿನ ಕಥೆಯನ್ನು ಹೇಳುವುದಿಲ್ಲ. ಅಡಿಲೇಡಿನ ಕಥೆಯನ್ನು ಹೇಳುತ್ತೇನೆ.