ಒಲೆಯ ಲೆಕ್ಕ, ಹೊಟ್ಟೆಯ ಲೆಕ್ಕ

ಕ್ಯಾಲೊರಿ ಎಂಬುದು ಆಹಾರದೊಳಗೆ ಅಡಗಿರುವ ಯಾವುದೋ ವಸ್ತು ಎಂದು ಭಾವಿಸುವವರುಂಟು. ಅದು ವಸ್ತುವಲ್ಲ, ಅಳತೆ. ಅಕ್ಕಿಗೆ ಸೇರು, ಬಟ್ಟೆಗೆ ಮೊಳ ಇದ್ದಂತೆ ಶಾಖಕ್ಕೆ ಕ್ಯಾಲೊರಿ. ಒಂದು ಕಿಲೋಗ್ರಾಂ ನೀರಿನ ಉಷ್ಣತೆಯನ್ನು ಒಂದು ಡಿಗ್ರಿ ಸೆಲ್ಸಿಯಸ್‌ನಷ್ಟು ಏರಿಸಲು ಬೇಕಾಗುವ ಶಾಖವೇ ಆಹಾರದ ಲೆಕ್ಕದಲ್ಲಿ ಒಂದು ಕ್ಯಾಲೊರಿ.

ಒಲೆಯ ಈ ಅಳತೆ ಹೊಟ್ಟೆಗೆ ಅನ್ವಯವಾದದ್ದು ಹೇಗೆ? ಸುಮಾರು 1783ರಲ್ಲಿ ಪ್ಯಾರಿಸ್‌ನ ಲಾವಾಸಿಯೆ ಮತ್ತು ಲಾಪ್ಲಾಸ್ ಒಂದು ಗಿನಿಪಿಗ್ ಅನ್ನು ಮಂಜುಗಡ್ಡೆ ಸುತ್ತುವರಿದ ಪಾತ್ರೆಯಲ್ಲಿಟ್ಟರು. ಅದರ ಮೈಶಾಖಕ್ಕೆ ಕರಗಿ ಹರಿದ ನೀರನ್ನು ತೂಗಿದರು. ಇದ್ದಿಲು ಉರಿಸಿದಾಗ ಹೊಮ್ಮುವ ಶಾಖ, ಅನಿಲಗಳೊಡನೆ ಅದನ್ನು ಹೋಲಿಸಿದರು. ಉಸಿರಾಟವೆಂದರೆ ನಿಧಾನವಾದ ಉರಿಯುವಿಕೆ ಎಂಬ ತೀರ್ಮಾನ ಹೊರಬಿತ್ತು. ಆದರೂ 1824ರ ಹೊತ್ತಿಗೆ ಅದೇ ನಗರದಲ್ಲಿ ನಿಕೊಲಾ ಕ್ಲೆಮಾ ತಮ್ಮ ಉಪನ್ಯಾಸಗಳಲ್ಲಿ ‘ಕ್ಯಾಲೊರಿ’ ಎಂಬ ಮಾನವನ್ನು ಬಳಸಿದ್ದು ಉಗಿಯಂತ್ರಗಳ ಶಾಖವನ್ನು ಲೆಕ್ಕ ಹಾಕಲು.

ಅದನ್ನು ಊಟದ ತಟ್ಟೆಗೆ ತಂದವರಲ್ಲಿ ಪ್ರಮುಖರು ಅಮೆರಿಕದ ವಿಲ್ಬರ್ ಅಟ್‌ವಾಟರ್. 1890ರ ದಶಕದಲ್ಲಿ ಅವರು ಸಣ್ಣ ಕೋಣೆಯೊಂದರಲ್ಲಿ ಮನುಷ್ಯರನ್ನು ದಿನಗಟ್ಟಲೆ ಇರಿಸಿ, ಉಂಡ ಅನ್ನವನ್ನೂ ಹೊರಬಂದ ಶಾಖವನ್ನೂ ಅಳೆದರು. ಎರಡೂ ಹೆಚ್ಚುಕಡಿಮೆ ಸರಿಹೊಂದಿದವು. ಗ್ರಾಮಿಗೆ ಪಿಷ್ಟ ಮತ್ತು ಪ್ರೋಟೀನಿಗೆ 4, ಕೊಬ್ಬಿಗೆ 9 ಕ್ಯಾಲೊರಿ ಎಂಬ ಇಂದಿನ ಪೊಟ್ಟಣಗಳ ಲೆಕ್ಕದ ಮೂಲ ಇದೇ.

ಆದರೆ ಈ ಲೆಕ್ಕ ಅವರನ್ನೇ ದಾರಿ ತಪ್ಪಿಸಿತು. ಹಣ್ಣು, ಸೊಪ್ಪುಗಳಲ್ಲಿ ಕ್ಯಾಲೊರಿ ಕಡಿಮೆ. ಹೀಗಾಗಿ ಬಡವರಿಗೆ ಅವು ದುಬಾರಿ ಎಂದು ಅವರು ಬಗೆದರು. ವಿಟಮಿನ್ ಎಂಬ ಹೆಸರು ಹುಟ್ಟಿದ್ದೇ 1912ರಲ್ಲಿ.

ಭಾರತದಲ್ಲಿ ಇದೇ ಅಳತೆ ಬಡತನದ ರೇಖೆಯನ್ನೂ ಎಳೆಯಿತು. 1979ರಲ್ಲಿ ಯೋಜನಾ ಆಯೋಗದ ತಜ್ಞರ ತಂಡ ಹಳ್ಳಿಯಲ್ಲಿ ತಲೆಗೆ ದಿನಕ್ಕೆ 2,400, ಪಟ್ಟಣದಲ್ಲಿ 2,100 ಕ್ಯಾಲೊರಿ ದೊರಕುವಷ್ಟು ಖರ್ಚನ್ನು ಗಡಿಯಾಗಿ ಇರಿಸಿತು. ಈ ನೇರ ಆಧಾರವನ್ನು 2009ರ ತೆಂಡೂಲ್ಕರ್ ಸಮಿತಿಯ ವರದಿ ಕೈಬಿಟ್ಟು, ಆರೋಗ್ಯ, ಶಿಕ್ಷಣಗಳ ವೆಚ್ಚವನ್ನೂ ಎಣಿಸಿತು.

ಒಲೆಗೆ ಎಷ್ಟು ಸೌದೆ ಬೇಕೆಂದು ಕ್ಯಾಲೊರಿ ಹೇಳುತ್ತದೆ. ಆ ಒಲೆಯ ಮೇಲೆ ಬೇಯುತ್ತಿರುವುದು ಬರೀ ಅನ್ನವೋ, ಸೊಪ್ಪು ಬೇಳೆ ಬೆರೆತ ಸಾರೋ ಎಂಬುದನ್ನು ಅದು ಹೇಳಲಾರದು.